ಪರದೇಶದ ರೆಕ್ಕೆ, ಸ್ವದೇಶದ ಆಕಾಶ

ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದ ರೈತನು ತಲೆಯ ಮೇಲೆ ವಿಮಾನದ ಸದ್ದು ಕೇಳಿದೊಡನೆ ಎತ್ತುಗಳನ್ನು ನಿಲ್ಲಿಸಿ, ಹಣೆಗೆ ಕೈ ಹಚ್ಚಿ ಆಕಾಶವನ್ನು ದಿಟ್ಟಿಸುತ್ತಿದ್ದ ಕಾಲವೊಂದಿತ್ತು. ಆ ವಿಮಾನ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಅವನ ಊಹೆಗೆ ನಿಲುಕದ ಸಂಗತಿಯಾಗಿತ್ತು. ಅದನ್ನು ನಡೆಸುವವನು ತನ್ನಂಥ ಮನುಷ್ಯನೇ, ತನ್ನ ಮನೆಯಲ್ಲಿಯೂ ಅಂಥವನೊಬ್ಬ ಹುಟ್ಟಬಹುದು ಎಂಬುದು ಅವನಿಗೆ ಹೊಳೆಯುತ್ತಿರಲಿಲ್ಲ. ಈಗ ಹುಬ್ಬಳ್ಳಿ ಬೆಳಗಾವಿಗಳಲ್ಲಿ ವಿಮಾನವೇರುವುದು ಸುದ್ದಿಯಾಗಿ ಉಳಿದಿಲ್ಲ. ಕಲಬುರಗಿಯ ವಿಮಾನ ನಿಲ್ದಾಣ ೨೦೧೯ರ ನವೆಂಬರ್ ೨೨ರಂದು ಉದ್ಘಾಟನೆಗೊಂಡಿತು. ಅದೇ ರೈತನ ಮೊಮ್ಮಗ ಇಂದು ಪಿ.ಯು.ಸಿ. ಮುಗಿಸುವ ಮೊದಲೇ ಗುರುಗಳ ಎದುರು ನಿಂತು, "ಸರ್, ಪೈಲಟ್ ಆಗಬೇಕಾದರೆ ಏನು ಮಾಡಬೇಕ್ರೀ?" ಎಂದು ಕೇಳುತ್ತಾನೆ.

ವೈದ್ಯನಾಗುವುದು ಹೇಗೆ, ಎಂಜಿನಿಯರನಾಗುವುದು ಹೇಗೆ ಎಂದು ಕೇಳಿದರೆ ಯಾವ ಶಾಲೆಯ ಶಿಕ್ಷಕನೂ ಥಟ್ಟನೆ ಉತ್ತರ ಹೇಳಬಲ್ಲನು. ಈ ಪ್ರಶ್ನೆಗೆ ಮಾತ್ರ ಬಹುತೇಕ ಗುರುಗಳಲ್ಲಿ ಉತ್ತರವಿಲ್ಲ. ಗುರುವು ಮೌನವಾದ ಆ ಜಾಗವನ್ನು ಪಟ್ಟಣದ ದಲ್ಲಾಳಿಯೊಬ್ಬನು ಬಣ್ಣದ ಕರಪತ್ರದಿಂದ ತುಂಬುತ್ತಾನೆ. ಅಮೆರಿಕ, ಕೆನಡಾ, ದಕ್ಷಿಣ ಆಫ್ರಿಕ, ನ್ಯೂಜಿಲೆಂಡ್ ಮುಂತಾದ ದೇಶಗಳ ಹೆಸರು ಹೇಳುತ್ತಾನೆ; ವರ್ಷದೊಳಗೆ ಲೈಸೆನ್ಸು ಕೈಗೆ ಬರುವುದೆಂದೂ ಊರಿಗೆ ಮರಳಿದ ದಿನವೇ ಉದ್ಯೋಗ ಕಾದಿರುವುದೆಂದೂ ಭರವಸೆ ನೀಡುತ್ತಾನೆ. ಆ ಲೈಸೆನ್ಸನ್ನು ಭಾರತದ ಲೈಸೆನ್ಸಾಗಿ ಪರಿವರ್ತಿಸಿಕೊಳ್ಳದೆ ಭಾರತದ ನಾಗರಿಕ ವಿಮಾನವೊಂದರ ಚಾಲಕನ ಪೀಠದಲ್ಲಿ ವೃತ್ತಿಯಾಗಿ ಕೂಡುವಂತಿಲ್ಲ ಎಂಬ ಮಾತು ಆ ಕರಪತ್ರದಲ್ಲಿ ಇರುವುದಿಲ್ಲ; ಇದ್ದರೂ ಅತಿ ಸಣ್ಣ ಅಕ್ಷರಗಳಲ್ಲಿರುತ್ತದೆ. ಹೊಲವನ್ನು ಒತ್ತೆಯಿಟ್ಟು ಮಗನನ್ನು ಕಳುಹಿಸಿದ ತಂದೆಗೆ ಆ ಸಣ್ಣ ಅಕ್ಷರಗಳ ಅರ್ಥ ತಿಳಿಯುವುದು ಎಷ್ಟೋ ಸಲ ಮಗ ಮರಳಿ ಬಂದ ಮೇಲೆಯೇ.

ಈ ಪರಿವರ್ತನೆಯ ಬಗೆಗೆ ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ಹೊರದೇಶದಲ್ಲಿ ಒಮ್ಮೆ ಪರೀಕ್ಷೆಗೊಳಗಾಗಿ ಉತ್ತೀರ್ಣನಾದವನನ್ನು ತಾಯ್ನಾಡು ಮತ್ತೆ ಪರೀಕ್ಷಿಸುವುದು ಅಪಮಾನಕರ, ಅದು ಕೇವಲ ಕಚೇರಿಯ ಕಿರುಕುಳ ಎಂಬುದು ಒಂದು. ಹಣವುಳ್ಳವರು ಹೊರಗೆ ಹೋಗಿ ಸುಲಭವಾಗಿ ಗಳಿಸಿ ತಂದ ಕಾಗದವನ್ನು ಎಷ್ಟು ಜಾಲಿಸಿದರೂ ಸಾಲದು ಎಂಬುದು ಇನ್ನೊಂದು. ಸತ್ಯವು ಇವೆರಡರ ನಡುವೆ ಎಲ್ಲೋ ಇದೆ ಎಂದು ತೇಲಿಸಿ ಹೇಳುವುದು ಸುಲಭ; ಆದರೆ ಅದು ನಿಖರವಾಗಿ ಎಲ್ಲಿದೆ ಎಂಬುದನ್ನು ಗುರುತಿಸದೆ ಹೋದರೆ ವಿದ್ಯಾರ್ಥಿಗಾಗಲಿ ಪಾಲಕರಿಗಾಗಲಿ ಅದರಿಂದ ಪ್ರಯೋಜನವಿಲ್ಲ.

ಮೊದಲು ಪರಿವರ್ತನೆಯ ಮೂಲವನ್ನು ನೋಡಬೇಕು. ಭಾರತದಲ್ಲಿ ವಿಮಾನಚಾಲನೆಯ ಪ್ರಥಮ ಲೈಸೆನ್ಸನ್ನು ಜೆ.ಆರ್.ಡಿ. ಟಾಟಾ ಅವರು ೧೯೨೯ರ ಫೆಬ್ರುವರಿ ೧೦ರಂದು ಪಡೆದರು. ಮೂರು ವರ್ಷಗಳ ತರುವಾಯ, ೧೯೩೨ರ ಅಕ್ಟೋಬರ್ ೧೫ರಂದು, ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಅಂಚೆ ಚೀಲಗಳನ್ನು ಹೊತ್ತ ಪುಟ್ಟ ವಿಮಾನವನ್ನು ತಾವೇ ನಡೆಸಿ ತಂದರು. ಅಂದಿನ ಆಕಾಶ ಬಹುಮಟ್ಟಿಗೆ ಬಯಲು. ಎರಡು ವಿಮಾನಗಳು ಒಂದಕ್ಕೊಂದು ಎದುರಾಗುವುದೇ ಅಪರೂಪ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಈ ಸ್ಥಿತಿ ಬದಲಾಗಿತ್ತು. ೧೯೪೪ರ ಡಿಸೆಂಬರ್ ೭ರಂದು ಶಿಕಾಗೋ ನಗರದಲ್ಲಿ ರಾಷ್ಟ್ರಗಳು ಸೇರಿ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನದ ಒಪ್ಪಂದಕ್ಕೆ ಸಹಿ ಹಾಕಿದವು. ಒಂದು ರಾಷ್ಟ್ರವು ತನ್ನಲ್ಲಿ ನೋಂದಣಿಯಾದ ವಿಮಾನದ ಚಾಲಕನಿಗೆ ಕನಿಷ್ಠ ಮಟ್ಟಕ್ಕೆ ಕಡಿಮೆಯಿಲ್ಲದಂತೆ ಕೊಟ್ಟ ಲೈಸೆನ್ಸನ್ನು ಇತರ ರಾಷ್ಟ್ರಗಳು ಮಾನ್ಯಮಾಡಬೇಕೆಂಬುದು ಆ ಒಪ್ಪಂದದ ೩೩ನೆಯ ವಿಧಿ. ಲಂಡನ್ನಿನಿಂದ ಬರುವ ವಿಮಾನದ ಬ್ರಿಟಿಷ್ ಚಾಲಕನು ಬೆಂಗಳೂರಿನಲ್ಲಿ ಇಳಿಯುವ ಮುನ್ನ ಭಾರತದ ಪರೀಕ್ಷೆ ಬರೆಯಬೇಕಾಗದಿರುವುದು ಇದರಿಂದಾಗಿಯೇ.

ಆದರೆ ಅದೇ ಒಪ್ಪಂದದ ೩೨ನೆಯ ವಿಧಿಯ ಎರಡನೆಯ ಭಾಗ ಇನ್ನೊಂದು ಮಾತನ್ನು ಹೇಳುತ್ತದೆ. ತನ್ನ ಪ್ರಜೆಗೆ ಅನ್ಯರಾಷ್ಟ್ರವೊಂದು ಕೊಟ್ಟ ಲೈಸೆನ್ಸನ್ನು ತನ್ನ ನೆಲದ ಮೇಲಿನ ಹಾರಾಟಕ್ಕೆ ಒಪ್ಪದಿರುವ ಹಕ್ಕನ್ನು ಪ್ರತಿ ರಾಷ್ಟ್ರವೂ ಉಳಿಸಿಕೊಂಡಿದೆ. ಪರಕೀಯನಿಗೆ ಬಾಗಿಲು ತೆರೆದು ಸ್ವಂತ ಮಗನನ್ನು ಹೊಸ್ತಿಲಲ್ಲಿ ನಿಲ್ಲಿಸಿ ವಿಚಾರಿಸುವುದು ಮೇಲುನೋಟಕ್ಕೆ ವಿಚಿತ್ರವೆನಿಸಬಹುದು. ವಿಚಾರ ಮಾಡಿದರೆ ಅದರ ನ್ಯಾಯ ತಿಳಿಯುತ್ತದೆ. ಪರಕೀಯ ಚಾಲಕನ ಹೊಣೆಯನ್ನು ಅವನ ವಿಮಾನ ನೋಂದಣಿಯಾದ ರಾಷ್ಟ್ರ ಹೊತ್ತಿರುತ್ತದೆ. ಭಾರತದ ನೋಂದಣಿಯುಳ್ಳ ವಿಮಾನದಲ್ಲಿ ಭಾರತದ ಪ್ರಯಾಣಿಕರನ್ನು ದಿನನಿತ್ಯ ಸಾಗಿಸಬೇಕಾದ ಚಾಲಕನ ಹೊಣೆಯನ್ನು ಭಾರತ ಸರಕಾರವೇ ಹೊರಬೇಕು. ಸಹಿ ಹಾಕುವವನು ತಾನು ಯಾವುದಕ್ಕೆ ಸಹಿ ಹಾಕುತ್ತಿರುವೆನೆಂದು ನೋಡಿಕೊಳ್ಳುವುದು ಅಪರಾಧವಲ್ಲ.

ಇನ್ನು ಭಾರತ ಕೇಳುವುದೇನು? ವಾಣಿಜ್ಯ ವಿಮಾನಚಾಲಕನ ಲೈಸೆನ್ಸಿಗೆ ಹದಿನೆಂಟು ತುಂಬಿರಬೇಕು. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತಗಳಲ್ಲಿ ತೇರ್ಗಡೆಯಾಗಿರಬೇಕೆಂಬ ನಿಯಮ ದಶಕಗಳಿಂದ ನಡೆದುಬಂದಿದೆ, ಅದನ್ನು ಸಡಿಲಿಸುವ ಮಾತೂ ಈಚೆಗೆ ಕೇಳಿಬಂದಿದೆ. ಪ್ರಥಮ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಬೇಕು. ೧೯೩೭ರ ವಿಮಾನ ನಿಯಮಾವಳಿಯಿಂದ ಬೆಳೆದು ಬಂದ ಕಟ್ಟಳೆಯ ಪ್ರಕಾರ ಒಟ್ಟು ೨೦೦ ತಾಸುಗಳ ಹಾರಾಟ ಆಗಿರಬೇಕು. ಅದರಲ್ಲಿ ೧೦೦ ತಾಸು ತಾನೇ ವಿಮಾನದ ಹೊಣೆಗಾರನಾಗಿ ಹಾರಿದ್ದಿರಬೇಕು. ಅವುಗಳಲ್ಲಿ ೧೫ ತಾಸಾದರೂ ಅರ್ಜಿಗೆ ಹಿಂದಿನ ಆರು ತಿಂಗಳೊಳಗಿನವಾಗಿರಬೇಕು. ೨೦ ತಾಸು ಊರಿಂದೂರಿಗೆ ಹಾರಿರಬೇಕು; ಅದರಲ್ಲೊಂದು ಯಾನ ೩೦೦ ನಾಟಿಕಲ್ ಮೈಲುಗಳಿಗೆ, ಅಂದರೆ ಸುಮಾರು ೫೫೬ ಕಿಲೋಮೀಟರುಗಳಿಗೆ ಕಡಿಮೆಯಿರದೆ, ನಡುವೆ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ನಿಂತದ್ದಾಗಿರಬೇಕು. ಉಪಕರಣಗಳನ್ನಷ್ಟೇ ನೋಡಿ ಹಾರಿದ್ದು ೧೦ ತಾಸು, ರಾತ್ರಿಯ ಹಾರಾಟ ೫ ತಾಸು, ಆ ಕತ್ತಲಲ್ಲಿ ಹತ್ತು ಸಲ ಏರಿ ಹತ್ತು ಸಲ ಇಳಿದಿರಬೇಕು. ಇವಲ್ಲದೆ ವಾಯುನಿಯಮ, ಮಾರ್ಗನಿರ್ಣಯ, ಹವಾಮಾನ, ವಿಮಾನದ ಯಂತ್ರವಿಚಾರ ಎಂಬ ವಿಷಯಗಳ ಲಿಖಿತ ಪರೀಕ್ಷೆಗಳಲ್ಲಿ ನೂರಕ್ಕೆ ೭೦ ಅಂಕ ಬರಬೇಕು. ರೇಡಿಯೋ ಸಂಭಾಷಣೆಗೆ ಪ್ರತ್ಯೇಕ ಪರವಾನಗಿ ಬೇಕು. ಅದನ್ನು ಕೊಡುವ ಅಧಿಕಾರ ಬಹುಕಾಲ ದೂರಸಂಪರ್ಕ ಇಲಾಖೆಯಲ್ಲಿತ್ತು. ೨೦೨೫ರ ಜನವರಿ ೧ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮವು ಅದನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ವಹಿಸಿತು. ಎರಡು ಬಾಗಿಲು ತಟ್ಟಬೇಕಾಗಿದ್ದ ಕಡೆ ಒಂದೇ ಬಾಗಿಲು ಮಾಡಿದ ಈ ಕ್ರಮ ಸ್ವಾಗತಾರ್ಹವಾದುದು.

ಇಷ್ಟನ್ನೂ ಭಾರತದಲ್ಲಿಯೇ ಕಲಿಯಬಾರದೇಕೆ? ಕಲಿಯಬಹುದು, ಕಲಿಯುತ್ತಲೂ ಇದ್ದಾರೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರಕಾರದ ಹಳೆಯ ಹಾರಾಟ ತರಬೇತಿ ಶಾಲೆಯಿದೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರಕಾರ ೧೯೮೫ರಲ್ಲಿ ಸ್ಥಾಪಿಸಿದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ. ೨೦೨೧ರಲ್ಲಿ ವಿಮಾನ ನಿಲ್ದಾಣಗಳ ಪ್ರಾಧಿಕಾರವು ಹೊಸ ತರಬೇತಿ ಶಾಲೆಗಳಿಗೆ ಜಾಗ ಕೊಡಲು ಆರಿಸಿದ ಐದು ನಿಲ್ದಾಣಗಳಲ್ಲಿ ಎರಡು, ಬೆಳಗಾವಿ ಮತ್ತು ಕಲಬುರಗಿ, ಕರ್ನಾಟಕದವು ಎಂಬುದು ಸಂತೋಷದ ಸಂಗತಿ. ಆದರೂ ವಿದ್ಯಾರ್ಥಿಗಳು ಹೊರದೇಶಕ್ಕೆ ಹೋಗುತ್ತಿರುವುದಕ್ಕೆ ಕಾರಣಗಳಿವೆ. ಮುಂಗಾರಿನ ನಾಲ್ಕು ತಿಂಗಳು ಸಣ್ಣ ವಿಮಾನಗಳು ಎಷ್ಟೋ ದಿನ ನೆಲ ಬಿಟ್ಟು ಏಳಲಾರವು. ತರಬೇತಿಯ ವಿಮಾನಗಳೂ ಅನುಭವಿ ಬೋಧಕರೂ ಬೇಡಿಕೆಗೆ ಸಾಲದಾಗಿದ್ದಾರೆ. ಈ ವಿಮಾನಗಳು ಬಳಸುವ ಏವ್‌ಗ್ಯಾಸ್ ಎಂಬ ಇಂಧನವನ್ನು ಭಾರತ ದೀರ್ಘಕಾಲ ಹೊರಗಿನಿಂದಲೇ ತರಿಸುತ್ತಿತ್ತು. ವಡೋದರಾದ ಸಂಸ್ಕರಣಾಗಾರದಲ್ಲಿ ಅದರ ದೇಶೀಯ ತಯಾರಿಕೆ ಬಳಕೆಗೆ ಬಂದದ್ದು ೨೦೨೨ರಲ್ಲಿ. ಅಮೆರಿಕದ ಫ್ಲಾರಿಡಾ, ಅರಿಜೋನಾ ಪ್ರಾಂತಗಳಲ್ಲಿ ವರ್ಷದ ಬಹುಭಾಗ ಹಾರಾಟಕ್ಕೆ ಅನುಕೂಲ ಹವೆ. ಸಣ್ಣ ವಿಮಾನ ನಿಲ್ದಾಣಗಳು ಹೇರಳ. ಇಲ್ಲಿ ಎರಡು ಮೂರು ವರ್ಷ ಹಿಡಿಯಬಹುದಾದ ತಾಸುಗಳು ಅಲ್ಲಿ ವರ್ಷದೊಳಗೆ ತುಂಬಬಹುದು. ಬೇಡಿಕೆಯಂತೂ ಏರುತ್ತಲೇ ಇದೆ: ಭಾರತವು ೨೦೨೦ರಲ್ಲಿ ೫೭೮ ವಾಣಿಜ್ಯ ಲೈಸೆನ್ಸುಗಳನ್ನು ಕೊಟ್ಟಿತು, ೨೦೨೩ರಲ್ಲಿ ಆ ಸಂಖ್ಯೆ ೧,೬೨೨ಕ್ಕೆ ಮುಟ್ಟಿತು. ಆದ್ದರಿಂದ ಹೊರಗೆ ಹೋದವನನ್ನು ದೇಶಾಭಿಮಾನವಿಲ್ಲದವನೆಂದು ಜರಿಯುವುದು ಸಲ್ಲದು. ಬಾವಿಯಲ್ಲಿ ನೀರು ಸಾಲದಾದಾಗ ಹೊಳೆಗೆ ಹೋಗುವುದು ಲೋಕರೂಢಿ.

ಹೊಳೆಯಿಂದ ತಂದ ನೀರನ್ನು ಮನೆಯಲ್ಲಿ ಸೋಸಿ ಕುಡಿಯುವುದೂ ಲೋಕರೂಢಿಯೇ. ಹೊರದೇಶದ ಲೈಸೆನ್ಸಿನೊಂದಿಗೆ ಬಂದವನು ವಾಯುನಿಯಮಗಳ ಪತ್ರಿಕೆಯನ್ನು ಬರೆಯಬೇಕು. ಮಾರ್ಗನಿರ್ಣಯ ಹವಾಮಾನಗಳನ್ನು ಒಟ್ಟುಗೂಡಿಸಿದ ಸಂಯುಕ್ತ ಪತ್ರಿಕೆಯಲ್ಲಿಯೂ ತೇರ್ಗಡೆಯಾಗಬೇಕು. ಅವನ ಲೈಸೆನ್ಸು ನಿಜವಾದುದೆಂದು ಅದನ್ನು ಕೊಟ್ಟ ದೇಶದ ಅಧಿಕಾರಿಗಳಿಂದ ಖಾತ್ರಿಯಾಗಬೇಕು. ಹಗಲು ರಾತ್ರಿಗಳೆರಡರಲ್ಲಿಯೂ ನಡೆಯುವ ಕೌಶಲ ಪರೀಕ್ಷೆಗಳು ಇತ್ತೀಚಿನವಾಗಿರಬೇಕು. ಇವನ್ನು ವ್ಯರ್ಥ ಶ್ರಮವೆಂದು ಭಾವಿಸುವವರು ಎರಡು ಆಕಾಶಗಳ ಅಂತರವನ್ನು ಗಮನಿಸಬೇಕು. ಅಮೆರಿಕದಲ್ಲಿ ಎತ್ತರಮಾಪಕವನ್ನು ಪಾದರಸದ ಅಂಗುಲಗಳಲ್ಲಿ ಹೊಂದಿಸುತ್ತಾರೆ, ಭಾರತದಲ್ಲಿ ಹೆಕ್ಟೊಪಾಸ್ಕಲ್‌ಗಳಲ್ಲಿ. ಅಲ್ಲಿ ದೃಷ್ಟಿಗೋಚರತೆಯನ್ನು ಮೈಲುಗಳಲ್ಲಿ ಹೇಳಿದರೆ ಇಲ್ಲಿ ಮೀಟರುಗಳಲ್ಲಿ ಹೇಳುತ್ತಾರೆ. ಸ್ಥಳೀಯ ವಾಯುಭಾರದ ಮಾಪನವನ್ನು ಬಿಟ್ಟು ಎಲ್ಲರಿಗೂ ಸಮಾನವಾದ ಮಾಪನಕ್ಕೆ ಬದಲಿಸಿಕೊಳ್ಳುವ ಎತ್ತರ ಅಮೆರಿಕದಲ್ಲಿ ಎಲ್ಲೆಡೆ ೧೮,೦೦೦ ಅಡಿ. ಭಾರತದಲ್ಲಿ ಅದು ನಿಲ್ದಾಣದಿಂದ ನಿಲ್ದಾಣಕ್ಕೆ ಬೇರೆ. ಅರಿಜೋನಾದ ನಿರಭ್ರ ಆಕಾಶದಲ್ಲಿ ಕಲಿತವನು ಮಂಗಳೂರಿನ ಜುಲೈ ತಿಂಗಳ ಮಳೆಯನ್ನು ಕಂಡಿರುವುದಿಲ್ಲ. ಗುಡ್ಡದ ತಲೆಯನ್ನು ಸವರಿ ಮಾಡಿದ ರನ್‌ವೇಗಳು ಮಂಗಳೂರು ಮತ್ತು ಕೋಳಿಕ್ಕೋಡುಗಳಲ್ಲಿವೆ. ೨೦೧೦ರ ಮೇ ೨೨ರಂದು ಮಂಗಳೂರಿನಲ್ಲಿ ೧೫೮ ಜನ, ೨೦೨೦ರ ಆಗಸ್ಟ್ ೭ರ ಮಳೆಯ ರಾತ್ರಿ ಕೋಳಿಕ್ಕೋಡಿನಲ್ಲಿ ೨೧ ಜನ ಪ್ರಾಣ ಕಳೆದುಕೊಂಡುದನ್ನು ಈ ಕರಾವಳಿ ಮರೆತಿಲ್ಲ. ಆ ದುರಂತಗಳಿಗೂ ಲೈಸೆನ್ಸಿನ ಪರಿವರ್ತನೆಗೂ ಸಂಬಂಧ ಕಲ್ಪಿಸುವುದು ತಪ್ಪಾದೀತು. ಆದರೆ ಈ ನಾಡಿನ ನೆಲ, ಮಳೆ, ಗಾಳಿಗಳನ್ನು ಅರಿಯದೆ ಇಲ್ಲಿ ಹಾರುವುದು ಎಂಥ ಸಾಹಸವೆಂಬುದನ್ನು ಅವು ಸಾರಿ ಹೇಳುತ್ತವೆ.

ಭಾಷೆಯ ಪ್ರಶ್ನೆಯೂ ಸಣ್ಣದಲ್ಲ. ೧೯೯೬ರ ನವೆಂಬರ್ ೧೨ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಕಜಾಕಸ್ತಾನದ ವಿಮಾನವೂ ಸೌದಿ ಅರೇಬಿಯದ ವಿಮಾನವೂ ಡಿಕ್ಕಿ ಹೊಡೆದು ೩೪೯ ಜನರೂ ಮಡಿದರು. ೧೫,೦೦೦ ಅಡಿಯಲ್ಲಿ ನಿಲ್ಲಬೇಕಾಗಿದ್ದ ವಿಮಾನ ಅದಕ್ಕಿಂತ ಕೆಳಗಿಳಿದಿತ್ತು. ಆ ವಿಮಾನದ ಸಿಬ್ಬಂದಿಯ ಇಂಗ್ಲಿಷ್ ಜ್ಞಾನದ ಕೊರತೆ ತನಿಖೆಯಲ್ಲಿ ಎದ್ದು ಕಂಡಿತು. ಅಂತಾರಾಷ್ಟ್ರೀಯ ಮಾರ್ಗಗಳ ಚಾಲಕರು ಇಂಗ್ಲಿಷಿನಲ್ಲಿ ನಿರ್ದಿಷ್ಟ ಮಟ್ಟದ ಪ್ರಾವೀಣ್ಯ ತೋರಬೇಕೆಂಬ ನಿಯಮ ೨೦೦೮ರಲ್ಲಿ ಜಗತ್ತಿನಾದ್ಯಂತ ಜಾರಿಗೆ ಬಂದುದರ ಹಿಂದೆ ಇಂಥ ಸಾವುಗಳ ನೆನಪಿದೆ. ನಿಯಮದ ಪುಸ್ತಕ ಒಣ ಪುಸ್ತಕವೆಂದು ತೋರುವುದು ಅದರ ಒಂದೊಂದು ಸಾಲಿನ ಹಿಂದೆ ಯಾವ ಮನೆಯ ದೀಪ ಆರಿತ್ತೆಂಬುದನ್ನು ತಿಳಿಯದವರಿಗೆ ಮಾತ್ರ.

ನಂಬಿಕೆಯ ಮಾತೂ ಇದೆ. ೨೦೧೧ರಲ್ಲಿ ಭಾರತದಲ್ಲಿಯೇ ಕೆಲವರು ಖೋಟಾ ಅಂಕಪಟ್ಟಿಗಳನ್ನು ಕೊಟ್ಟು ಉನ್ನತ ಲೈಸೆನ್ಸು ಪಡೆದುದು ಬಯಲಿಗೆ ಬಂದು ಬಂಧನಗಳಾದವು. ಪ್ರಾಮಾಣಿಕರಾದ ಸಾವಿರಾರು ಚಾಲಕರ ಕಾಗದಪತ್ರಗಳನ್ನೂ ಮತ್ತೆ ತೆರೆದು ನೋಡಬೇಕಾಯಿತು. ೨೦೨೦ರ ಜೂನ್ ತಿಂಗಳಲ್ಲಿ ಪಾಕಿಸ್ತಾನದ ವಿಮಾನಯಾನ ಮಂತ್ರಿ ತಮ್ಮ ದೇಶದ ೮೬೦ ಚಾಲಕರಲ್ಲಿ ೨೬೨ ಜನರ ಲೈಸೆನ್ಸುಗಳು ಸಂಶಯಾಸ್ಪದವೆಂದು ಸಂಸತ್ತಿನಲ್ಲಿ ಹೇಳಿದರು. ಕೆಲವೇ ದಿನಗಳಲ್ಲಿ ಯುರೋಪು ಆ ದೇಶದ ರಾಷ್ಟ್ರೀಯ ವಿಮಾನಸಂಸ್ಥೆಗೆ ಬಾಗಿಲು ಮುಚ್ಚಿತು. ಅದು ಮತ್ತೆ ತೆರೆದದ್ದು ೨೦೨೪ರ ಕೊನೆಯಲ್ಲಿ. ಕೆಲವರ ಮೋಸಕ್ಕೆ ಒಂದು ದೇಶವೇ ನಾಲ್ಕು ವರ್ಷಕ್ಕೂ ಮೇಲ್ಪಟ್ಟು ದಂಡ ತೆತ್ತಿತು. ಪರಿಶೀಲನೆಯು ಪ್ರಾಮಾಣಿಕನಿಗೆ ಮಾಡುವ ಅವಮಾನವಲ್ಲ, ಅವನ ಲೈಸೆನ್ಸಿಗೆ ಬೆಲೆ ಉಳಿಸುವ ರಕ್ಷಣೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಲ್ಲಿಯವರೆಗಿನ ಮಾತು ಸರಕಾರದ ಪಕ್ಷದ್ದು. ವಿದ್ಯಾರ್ಥಿಯ ಪಕ್ಷದ ಮಾತನ್ನೂ ಅಷ್ಟೇ ನಿಷ್ಠುರವಾಗಿ ಆಡಬೇಕು. ಹೊರದೇಶದಿಂದ ಮರಳಿದ ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳಬಹುದು. ತಂದೆ ನಾಲ್ಕು ಎಕರೆ ಎರೆಭೂಮಿಯನ್ನು ಬ್ಯಾಂಕಿಗೆ ಬರೆದುಕೊಟ್ಟಿದ್ದಾನೆ. ಅರ್ಧ ಕೋಟಿಯ ಆಸುಪಾಸಿನ ಸಾಲದ ಬಡ್ಡಿ ಹಗಲು ರಾತ್ರಿ ಬೆಳೆಯುತ್ತಿದೆ. ಮಗನ ಲೈಸೆನ್ಸಿನ ನಿಜಾಂಶ ಕೇಳಿ ಹೊರದೇಶಕ್ಕೆ ಹೋದ ಪತ್ರಕ್ಕೆ ಉತ್ತರ ಬಂದಿಲ್ಲ. ಮುಂದಿನ ಲಿಖಿತ ಪರೀಕ್ಷೆಗೆ ಇನ್ನೂ ಕಾಲವಿದೆ. ಈ ನಡುವೆ ಆರು ತಿಂಗಳ ಗಡುವು ಸದ್ದಿಲ್ಲದೆ ಕಳೆದುಹೋಗುತ್ತದೆ. ಇತ್ತೀಚಿನ ಹಾರಾಟದ ತಾಸುಗಳು ಹಳತಾಗುತ್ತವೆ. ಕೌಶಲ ಪರೀಕ್ಷೆ ಹಳತಾಗುತ್ತದೆ. ಅವನು ಇಲ್ಲಿಯ ಶಾಲೆಯೊಂದಕ್ಕೆ ಮತ್ತೆ ಹಣ ತೆತ್ತು ಆ ತಾಸುಗಳನ್ನು ಮತ್ತೆ ಹಾರಬೇಕಾಗುತ್ತದೆ. ಮಗ ವಿಮಾನ ಹಾರಿಸುವುದು ಯಾವಾಗ ಎಂದು ಊರವರು ಕೇಳುತ್ತಾರೆಂದು ತಂದೆ ಸಂತೆಗೆ ಹೋಗುವುದನ್ನೇ ಬಿಡುತ್ತಾನೆ.

ಈ ಚಿತ್ರದಲ್ಲಿ ಪರೀಕ್ಷೆ ತಪ್ಪಲ್ಲ, ವಿಳಂಬ ತಪ್ಪು. ಇಲ್ಲಿಯೇ ಎರಡೂ ಅಭಿಪ್ರಾಯಗಳ ನಡುವಿನ ಗೆರೆಯನ್ನು ಎಳೆಯಬೇಕಾಗುತ್ತದೆ. ಅರ್ಹತೆಯನ್ನು ಅಳೆಯುವುದು ಸರಕಾರದ ಹಕ್ಕು. ಅಳೆಯುವ ಕೋಲನ್ನು ಮೊದಲೇ ತೋರಿಸುವುದು ಮತ್ತು ಹೊತ್ತಿಗೆ ಸರಿಯಾಗಿ ಅಳೆದು ಮುಗಿಸುವುದು ಅದರ ಕರ್ತವ್ಯ. ವಿದ್ಯಾರ್ಥಿಯ ಗಡುವು ಆರು ತಿಂಗಳಾದರೆ ಕಚೇರಿಗೂ ಒಂದು ಗಡುವಿರಬೇಕು. ಅರ್ಜಿ ಪೂರ್ಣವಾಗಿ ಸಲ್ಲಿಕೆಯಾದ ಮೇಲೆ ಪರದೇಶದ ಉತ್ತರಕ್ಕಾಗಿ ಕಾದ ದಿನಗಳನ್ನು ವಿದ್ಯಾರ್ಥಿಯ ಲೆಕ್ಕದಿಂದ ಕಳೆಯಬಾರದೆಂಬ ನಿಯಮ ಮಾಡಿದರೆ ಸುರಕ್ಷತೆಗೆ ಕುಂದಿಲ್ಲ. ಕೊನೆಗೊಂದು ಚಿಕ್ಕ ಹಾರಾಟದಲ್ಲಿ ಅವನ ಕೈಯನ್ನು ಪರೀಕ್ಷಿಸಿದರೆ ಸಾಕು. ಹೆಚ್ಚು ಭಾರತೀಯರು ಕಲಿಯಲು ಹೋಗುವ ದೇಶಗಳ ಅಧಿಕಾರಿಗಳೊಡನೆ ಲೈಸೆನ್ಸಿನ ಖಾತ್ರಿಗೆ ನೇರವಾದ, ಶೀಘ್ರವಾದ ಏರ್ಪಾಡು ಮಾಡಿಕೊಳ್ಳುವುದು ಅಸಾಧ್ಯದ ಮಾತಲ್ಲ. ಇಲ್ಲಿಯ ಗಾಳಿ, ಮಳೆ, ನಿಯಮಗಳ ಬಗೆಗೆ ಕಟ್ಟುನಿಟ್ಟಾಗಿ ಪರೀಕ್ಷಿಸಲಿ. ಎಲ್ಲ ದೇಶಗಳಲ್ಲಿಯೂ ಒಂದೇ ಆಗಿರುವ ವಿದ್ಯೆಯನ್ನು, ಖಾತ್ರಿಯಾದ ಮೇಲೆ, ಮತ್ತೆ ಮತ್ತೆ ಕೆದಕುವುದು ಬೇಡ.

ಇನ್ನು ಪಾಲಕರ ಮತ್ತು ವಿದ್ಯಾರ್ಥಿಯ ಹೊಣೆ. ಪರಿವರ್ತನೆಯ ಕಷ್ಟಗಳಲ್ಲಿ ಬಹುಪಾಲು ಹೊರಡುವ ಮೊದಲೇ ತಪ್ಪಿಸಬಹುದಾದವು. ಮೊಟ್ಟಮೊದಲು ವೈದ್ಯಕೀಯ ಪರೀಕ್ಷೆ. ದ್ವಿತೀಯ ದರ್ಜೆಯ ಪ್ರಮಾಣಪತ್ರ ಪಡೆದು, ಅನಂತರ ಪ್ರಥಮ ದರ್ಜೆಯ ಪರೀಕ್ಷೆಗೆ ಹೋಗಬೇಕು. ಅಂಥ ಪರೀಕ್ಷೆ ನಡೆಸುವ ಹಳೆಯ ಕೇಂದ್ರಗಳಲ್ಲಿ ಬೆಂಗಳೂರಿನ ವಾಯುಪಡೆಯ ಅಂತರಿಕ್ಷ ವೈದ್ಯಕೀಯ ಸಂಸ್ಥೆಯೂ ಒಂದು. ಕನ್ನಡಕ ಹಾಕುವುದಷ್ಟೇ ಅಡ್ಡಿಯಲ್ಲ. ಆದರೆ ಬಣ್ಣಗಳ ಭೇದ ತಿಳಿಯದ ಕಣ್ಣು ದೊಡ್ಡ ಅಡ್ಡಿ. ಈ ದೋಷ ತನಗಿದೆಯೆಂದು ಹುಡುಗನಿಗೇ ಗೊತ್ತಿರುವುದಿಲ್ಲ. ಹೊಲ ಮಾರಿದ ಮೇಲೆ ಅದು ತಿಳಿಯುವುದಕ್ಕಿಂತ ದುಃಖಕರವಾದದ್ದು ಇನ್ನಾವುದಿದೆ?

ಎರಡನೆಯದು, ಭಾರತದ ಲಿಖಿತ ಪರೀಕ್ಷೆಗಳನ್ನು ವಿಮಾನವೇರುವ ಮೊದಲೇ ಮುಗಿಸಿಕೊಳ್ಳುವುದು. ಮನೆಯ ಊಟ ಮಾಡಿಕೊಂಡು, ಅಲ್ಪ ವೆಚ್ಚದಲ್ಲಿ ಬರೆಯಬಹುದಾದ ಪರೀಕ್ಷೆಯಿದು. ಇದರಲ್ಲಿ ತೇರ್ಗಡೆಯಾದವನು ಮರಳಿ ಬಂದ ಮೇಲೆ ಪುಸ್ತಕ ಹಿಡಿದು ತಿಂಗಳುಗಟ್ಟಲೆ ಕೂಡಬೇಕಾಗಿಲ್ಲ. ಪದೇ ಪದೇ ಪ್ರಯತ್ನಿಸಿದರೂ ತೇರ್ಗಡೆಯಾಗದವನಿಗೆ ಈ ವಿದ್ಯೆ ಒಗ್ಗದೆಂಬುದು ಲಕ್ಷಗಳು ಖರ್ಚಾಗುವ ಮೊದಲೇ ತಿಳಿಯುತ್ತದೆ. ಮೂರನೆಯದು, ತಾಸುಗಳ ಲೆಕ್ಕ. ಅಮೆರಿಕದ ಸಾಮಾನ್ಯ ಕ್ರಮದಲ್ಲಿ ವಾಣಿಜ್ಯ ಲೈಸೆನ್ಸಿಗೆ ೨೫೦ ತಾಸು ಬೇಕಾದರೂ ಅನುಮೋದಿತ ಪಠ್ಯಕ್ರಮದ ಶಾಲೆಗಳಲ್ಲಿ ೧೯೦ ತಾಸಿಗೇ ಲೈಸೆನ್ಸು ದೊರೆಯಬಹುದು. ಅಷ್ಟಕ್ಕೇ ನಿಲ್ಲಿಸಿ ಸಂಭ್ರಮದಿಂದ ಮರಳಿದವನು ಭಾರತದ ೨೦೦ಕ್ಕೆ ಹತ್ತು ತಾಸು ಕಡಿಮೆ ಬೀಳುತ್ತಾನೆ. ಬೋಧಕನು ಪಕ್ಕದಲ್ಲಿ ಕುಳಿತಿದ್ದಾಗಲೂ ಕೆಲವು ಸಂದರ್ಭಗಳಲ್ಲಿ ವಿದ್ಯಾರ್ಥಿ ಆ ಹಾರಾಟವನ್ನು ತನ್ನ ಹೊಣೆಯದೆಂದು ಬರೆದುಕೊಳ್ಳಲು ಅಲ್ಲಿಯ ನಿಯಮ ಅವಕಾಶ ಕೊಡುತ್ತದೆ. ಅದನ್ನು ನಂಬಿ ೧೦೦ ತಾಸುಗಳ ಲೆಕ್ಕ ಮುಗಿಸಿದವನಿಗೆ ಇಲ್ಲಿ ತೊಡಕು ಕಾದಿರುತ್ತದೆ. ಆದ್ದರಿಂದ ಭಾರತದ ಕಟ್ಟಳೆಯ ಪ್ರತಿಯೊಂದನ್ನು ಲಾಗ್‌ಬುಕ್ಕಿನೊಳಗೆ ಮಡಚಿಟ್ಟುಕೊಂಡು, ಪ್ರತಿ ವಾರ ಎರಡನ್ನೂ ತಾಳೆ ನೋಡುವುದು ಜಾಣತನ. ಪ್ರತಿ ಪುಟಕ್ಕೂ ಶಾಲೆಯ ಸಹಿ ಮುದ್ರೆಗಳನ್ನು ಅಲ್ಲಿಂದ ಹೊರಡುವ ಮೊದಲೇ ಪಡೆಯಬೇಕು. ಸಾವಿರಾರು ಮೈಲು ದೂರದಿಂದ ಒಂದು ಸಹಿಯನ್ನು ತರಿಸುವುದು ಎಷ್ಟು ಕಷ್ಟವೆಂಬುದು ಅನುಭವಿಸಿದವರಿಗೇ ಗೊತ್ತು.

ನಾಲ್ಕನೆಯದು, ಲೈಸೆನ್ಸು ಬೇರೆ, ಉದ್ಯೋಗ ಬೇರೆ ಎಂಬ ಅರಿವು. ಭಾರತದ ಲೈಸೆನ್ಸು ಕೈಗೆ ಬಂದ ಮೇಲೂ ದೊಡ್ಡ ವಿಮಾನದ ವಿಶೇಷ ತರಬೇತಿಗೆ ಮತ್ತೆ ಹಲವು ಲಕ್ಷ ಬೇಕು. ವಿಮಾನಸಂಸ್ಥೆಯ ಆಯ್ಕೆ ಪರೀಕ್ಷೆಗಳು ಬೇರೆ. ಈ ಉದ್ಯಮದಲ್ಲಿ ಸುಗ್ಗಿಯೂ ಇದೆ, ಬರಗಾಲವೂ ಇದೆ. ೨೦೧೨ರಲ್ಲಿ ಕಿಂಗ್‌ಫಿಷರ್, ೨೦೧೯ರಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದಾಗ ಅನುಭವಿ ಚಾಲಕರೇ ಉದ್ಯೋಗಕ್ಕಾಗಿ ಅಲೆಯಬೇಕಾಯಿತು. ೨೦೨೦ರ ಕೋವಿಡ್ ಕಾಲದಲ್ಲಿ ಜಗತ್ತಿನ ವಿಮಾನಗಳೇ ನೆಲ ಹಿಡಿದವು. ಮಳೆ ಬಂದೇ ಬರುವುದೆಂದು ನಂಬಿ ಇಡೀ ಹೊಲಕ್ಕೆ ಒಂದೇ ಬೀಜ ಬಿತ್ತುವ ರೈತನನ್ನು ಯಾರೂ ಜಾಣನೆನ್ನರು. ಒಂದೆರಡು ವರ್ಷ ಕಾಯುವ ಶಕ್ತಿಯಿಲ್ಲದ ಮನೆತನ ಇದ್ದ ನೆಲವನ್ನೆಲ್ಲ ಈ ಪಣಕ್ಕೆ ಒಡ್ಡಬಾರದು.

ಶಾಲೆಯ ಹೊಣೆ ಇವೆಲ್ಲಕ್ಕೂ ಮೊದಲಿನದು. ವಿಮಾನಚಾಲಕನ ವಿದ್ಯೆಯ ಬುನಾದಿ ಹೈಸ್ಕೂಲಿನ ಗಣಿತ, ಭೌತಶಾಸ್ತ್ರಗಳಲ್ಲಿಯೇ ಇದೆ. ಗಾಳಿಯ ವೇಗವನ್ನೂ ವಿಮಾನದ ವೇಗವನ್ನೂ ಕೂಡಿಸಿ ನಿಜವಾದ ದಾರಿಯನ್ನು ಕಂಡುಹಿಡಿಯುವ ಲೆಕ್ಕ, ಪ್ರವಾಹ ಅಡ್ಡಬರುವ ಹೊಳೆಯಲ್ಲಿ ದೋಣಿ ದಾಟಿಸುವ ಲೆಕ್ಕವೇ ಆಗಿದೆ. ಆ ಲೆಕ್ಕವನ್ನು ಬಾಯಿಪಾಠ ಮಾಡಿಸದೆ ಅರ್ಥ ಮಾಡಿಸಿದ ಶಿಕ್ಷಕನೇ ಆ ಚಾಲಕನ ಮೊದಲ ಬೋಧಕ. ಕನ್ನಡದಲ್ಲಿ ಕಲಿತ ಮಕ್ಕಳಿಗೆ ಸ್ಪಷ್ಟವಾಗಿ, ಅಂಜದೆ ಇಂಗ್ಲಿಷ್ ಮಾತನಾಡುವ ರೂಢಿಯನ್ನೂ ಶಾಲೆಯೇ ಮಾಡಿಸಬೇಕು. ಇಲ್ಲಿ ಬೇಕಾದುದು ಅಲಂಕಾರದ ಇಂಗ್ಲಿಷಲ್ಲ, ತಪ್ಪಿಲ್ಲದೆ ಕೇಳಿ ತಪ್ಪಿಲ್ಲದೆ ಮರುನುಡಿಯುವ ಇಂಗ್ಲಿಷು. ಇನ್ನೊಂದು ಪಾಠವೂ ಇದೆ. ಮಂಗಳೂರಿನ ದುರಂತದ ತನಿಖೆಯಲ್ಲಿ ಸಹಚಾಲಕನು ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕೆಂದು ಮೂರು ಸಲ ಹೇಳಿದ್ದು ದಾಖಲಾಗಿದೆ. ಹಿರಿಯನು ಅದನ್ನು ನಡೆಸಲಿಲ್ಲ. ಹಿರಿಯರ ತಪ್ಪನ್ನು ವಿನಯದಿಂದ, ಆದರೆ ದೃಢವಾಗಿ ಎತ್ತಿ ಹೇಳುವ ಕಿರಿಯರನ್ನೂ ಕಿರಿಯರ ಮಾತಿಗೆ ಕಿವಿಗೊಡುವ ಹಿರಿಯರನ್ನೂ ತಯಾರಿಸುವ ಕೆಲಸ ತರಗತಿಯಲ್ಲಿಯೇ ಆರಂಭವಾಗಬೇಕು. ಪ್ರಶ್ನೆ ಕೇಳಿದ ಹುಡುಗನನ್ನು ಗದರಿಸಿ ಕೂಡಿಸುವ ಗುರು, ತನಗರಿವಿಲ್ಲದಂತೆ, ಬಹುದೂರದ ಒಂದು ಅನಾಹುತಕ್ಕೆ ಬೀಜ ಬಿತ್ತುತ್ತಿರಬಹುದು.

ಹೆಣ್ಣುಮಕ್ಕಳನ್ನು ಈ ಮಾತಿನಿಂದ ಹೊರಗಿಡುವಂತಿಲ್ಲ. ೧೯೩೬ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಸರಳಾ ಠಕ್ರಾಲ್ ಸೀರೆಯುಟ್ಟೇ ವಿಮಾನ ಹಾರಿಸಿದರು. ಇಂದು ವಿಮಾನಚಾಲಕರಲ್ಲಿ ಮಹಿಳೆಯರ ಪ್ರಮಾಣ ಜಗತ್ತಿನ ಸರಾಸರಿಗಿಂತ ಭಾರತದಲ್ಲಿಯೇ ಬಹಳ ಹೆಚ್ಚಾಗಿದೆ. ಮಗನಿಗೆ ಹೊಲ ಒತ್ತೆಯಿಡಲು ಸಿದ್ಧನಾದ ತಂದೆ, ಗಣಿತದಲ್ಲಿ ಅವನಿಗಿಂತ ಮುಂದಿರುವ ಮಗಳನ್ನು ಮರೆಯುವುದು ನ್ಯಾಯವಲ್ಲ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮಾತು. ಪಾಟಿ ಪುಸ್ತಕಕ್ಕೂ ಗತಿಯಿಲ್ಲದ ಮಕ್ಕಳಿರುವಾಗ ವಿಮಾನ ಹಾರಿಸುವ ಹುಡುಗನಿಗೆ ದಾನವೇಕೆ ಎಂಬ ಆಕ್ಷೇಪ ಸಹಜವಾದುದು ಮತ್ತು ಸಕಾರಣವಾದುದು. ಒಬ್ಬನ ಹಾರಾಟದ ವೆಚ್ಚದಲ್ಲಿ ನೂರಾರು ಮಕ್ಕಳಿಗೆ ಪ್ರಸಾದನಿಲಯದ ಊಟ ನಡೆಯುತ್ತದೆ. ಆದ್ದರಿಂದ ಅರ್ಧ ಕೋಟಿಯ ದಾನವನ್ನು ಯಾರೂ ಕೇಳಬೇಕಾಗಿಲ್ಲ. ವೈದ್ಯಕೀಯ ಪರೀಕ್ಷೆಯ ಶುಲ್ಕ, ಲಿಖಿತ ಪರೀಕ್ಷೆಯ ಶುಲ್ಕ, ನಾಲ್ಕಾರು ಪಠ್ಯಪುಸ್ತಕ, ಇವಿಷ್ಟನ್ನು ಒಂದು ಸಣ್ಣ ನಿಧಿಯಿಂದ ಕೊಡಬಹುದು. ಈ ಎರಡು ಬಾಗಿಲು ದಾಟಿದವನಿಗೆ ಬ್ಯಾಂಕಿನ ಸಾಲವೂ ಸುಲಭ, ಅವನು ಸೋಲುವ ಸಂಭವವೂ ಕಡಿಮೆ. ದಾಟದವನು ಬೇರೆ ದಾರಿ ಹಿಡಿಯುತ್ತಾನೆ, ಹೊಲ ಉಳಿಯುತ್ತದೆ. ವಿಮಾನಯಾನದಲ್ಲಿ ಕೆಲಸ ಮಾಡುತ್ತಿರುವ ಹಳೆಯ ವಿದ್ಯಾರ್ಥಿ ವರ್ಷಕ್ಕೊಂದು ದಿನ ಶಾಲೆಗೆ ಬಂದು ಮಕ್ಕಳೆದುರು ಇದ್ದದ್ದನ್ನು ಇದ್ದಂತೆ ಹೇಳಿಹೋದರೆ, ಅದು ಹಣದ ದಾನಕ್ಕಿಂತ ಕಡಿಮೆಯದಲ್ಲ. ದಲ್ಲಾಳಿಯ ಕರಪತ್ರವನ್ನು ಸುಡಲು ಬೇಕಾದದ್ದು ಅಂಥ ಒಂದು ಗಂಟೆಯ ಸತ್ಯವಾಕ್ಯ.

ರೆಕ್ಕೆಯನ್ನು ಯಾವ ದೇಶದಲ್ಲಿ ಕಟ್ಟಿಕೊಂಡರೂ ಹಾರಬೇಕಾದದ್ದು ಈ ಆಕಾಶದಲ್ಲಿ, ಇಳಿಯಬೇಕಾದದ್ದು ಈ ನೆಲದ ಮೇಲೆ. ಬೆನ್ನ ಹಿಂದೆ ನೂರೆಂಬತ್ತು ಜನ ಕಣ್ಣು ಮುಚ್ಚಿ ನಂಬಿ ಕುಳಿತಿರುವಾಗ, ಆ ನಂಬಿಕೆಗೆ ತಾನು ಅರ್ಹನೆಂದು ಮತ್ತೊಮ್ಮೆ ತೋರಿಸಿಕೊಡುವುದು ಯಾವ ಯುವಕನಿಗೂ ಕೀಳಲ್ಲ. ಹಾಗೆ ತೋರಿಸಿಕೊಟ್ಟವನನ್ನು ಹೊಸ್ತಿಲಲ್ಲಿ ಕಾಯಿಸದೆ ಒಳಗೆ ಕರೆಯುವುದು ಸರಕಾರಕ್ಕೆ ಸಲ್ಲುವ ಮರ್ಯಾದೆ. ಇನ್ನು, "ಪೈಲಟ್ 

ಆಗಬೇಕಾದರೆ ಏನು ಮಾಡಬೇಕ್ರೀ?" ಎಂದು ಕೇಳಿದ ಹುಡುಗನಿಗೆ ಉತ್ತರ ಕೊಡುವ ಹೊಣೆ ಗುರುವಿನದು. ಆ ಉತ್ತರ ಹೀಗೆ ಆರಂಭವಾಗಬಹುದು: ಮೊದಲು ಕಣ್ಣು ತೋರಿಸಿಕೊಂಡು ಬಾ, ತಮ್ಮಾ, ಆಮೇಲೆ ಗಣಿತದ ಪುಸ್ತಕ ತೆಗೆ.